ಅಗ್ಗದ ಮನೆಯ ದುಬಾರಿ ಲೆಕ್ಕ

ದಾವಣಗೆರೆ ಜಿಲ್ಲೆಯ ಚನ್ನಗಿರಿ ಅರೆಮಲೆನಾಡಿನ ಅಡಿಕೆ ಸೀಮೆ. ಹೊನ್ನಾಳಿ, ನ್ಯಾಮತಿಯ ನದಿದಂಡೆಯ ಊರುಗಳಿಗೆ ತುಂಗಭದ್ರೆಯ ನೆರೆಯ ಭಯ. ಜಗಳೂರಿಗೆ ಬರಗಾಲ ಹೊಸತಲ್ಲ. ಒಣಸೀಮೆಗೆ ದಪ್ಪ ಗೋಡೆಯ ಮಣ್ಣಿನ ಮಾಳಿಗೆ, ಮಳೆಸೀಮೆಗೆ ಇಳಿಜಾರಿನ ಹೆಂಚು ಎಂಬುದು ಹಿರಿಯರ ವಿವೇಕವಾಗಿತ್ತು. ಅವೂ ಸೋರುತ್ತಿದ್ದವು, ಕುಸಿಯುತ್ತಿದ್ದವು. ಆದರೆ ಮನೆಯೊಡೆಯನೇ ದುರಸ್ತಿ ಮಾಡಿಕೊಳ್ಳಬಹುದಿತ್ತು. ಇಂದಿನ ಕಾಂಕ್ರೀಟ್ ಛಾವಣಿಯೊಳಗೆ ಕಬ್ಬಿಣ ತುಕ್ಕು ಹಿಡಿದರೆ ಬಡವನ ಕೈಯಲ್ಲಿ ಉಪಾಯವಿಲ್ಲ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಯಲುಸೀಮೆಯ ಮನೆಯೊಂದಕ್ಕೆ ನಿಗದಿಪಡಿಸಿದ ನೆರವು 1.20 ಲಕ್ಷ ರೂಪಾಯಿ. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಸಾಲದ ಹಣವನ್ನು ಫಲಾನುಭವಿ ಕೈಸಾಲದಿಂದ ತುಂಬುತ್ತಾನೆ. ಅದೂ ಸಾಲದಾದಾಗ ಕಣ್ಣಿಗೆ ಕಾಣದ ಕಡೆ ಉಳಿತಾಯ ಮಾಡುತ್ತಾನೆ. ಕಂತು ಬಿಡುಗಡೆಗೆ ಬೇಕಾದ ಛಾಯಾಚಿತ್ರದಲ್ಲಿ ಗೋಡೆ ಎದ್ದಿರುವುದು ಕಾಣುತ್ತದೆ. ಗಾರೆಯಲ್ಲಿ ಸಿಮೆಂಟ್ ಎಷ್ಟಿದೆ ಎಂಬುದು ಕಾಣುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಊರಿನಲ್ಲಿ ಛಾವಣಿಗೆ ನೀರು ಎಲ್ಲಿಂದ ಬರಬೇಕು?

ಸೇವೆಯಲ್ಲಿದ್ದಾಗ ನಾನೂ ‘ಪೂರ್ಣಗೊಂಡ ಮನೆಗಳ’ ಸಂಖ್ಯೆಯನ್ನೇ ಸಾಧನೆಯೆಂದು ಬರೆದವನು. ಅರ್ಥಶಾಸ್ತ್ರದ ಸರಳ ಲೆಕ್ಕ ಬೇರೆಯೇ ಹೇಳುತ್ತದೆ. 1.20 ಲಕ್ಷದ ಮನೆ 20 ವರ್ಷ ಬಾಳಿದರೆ ವರ್ಷಕ್ಕೆ 6,000 ರೂಪಾಯಿ ತಗಲಿತು. ಇನ್ನೂ 40,000 ಸೇರಿಸಿ 40 ವರ್ಷ ಬಾಳುವಂತೆ ಕಟ್ಟಿದರೆ ವರ್ಷಕ್ಕೆ 4,000 ಮಾತ್ರ. 2019ರ ನೆರೆಯಲ್ಲಿ ಪೂರ್ಣ ನಾಶವಾದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಬೇಕಾಯಿತು ಎಂಬುದನ್ನೂ ಮರೆಯಬಾರದು.

ನಗರದಲ್ಲಿ ಫ್ಲ್ಯಾಟ್ ಕೊಂಡವರಿಗೆ 2016ರ ರೇರಾ ಕಾಯ್ದೆಯು ರಚನಾದೋಷಗಳ ವಿರುದ್ಧ ಐದು ವರ್ಷಗಳ ರಕ್ಷಣೆ ನೀಡುತ್ತದೆ. ತಾನೇ ನಿಂತು ಮನೆ ಕಟ್ಟಿಸಿಕೊಳ್ಳುವ ಹಳ್ಳಿಯ ಫಲಾನುಭವಿ ಯಾರನ್ನು ಹೊಣೆ ಮಾಡಬೇಕು? ಆದ್ದರಿಂದ ಅವನಿಗೆ ಬೇಕಾದುದು ಮುಂಚಿತ ನೆರವು: ಛಾವಣಿ ಹಾಕುವ ದಿನ ಎಂಜಿನಿಯರರ ಹಾಜರಿ, ತರಬೇತಿ ಪಡೆದ ಗಾರೆ ಕೆಲಸಗಾರ, ಬರದ ತಾಲ್ಲೂಕಿನಲ್ಲಿ ಹತ್ತು ದಿನದ ಟ್ಯಾಂಕರ್ ನೀರು. ಐದು ವರ್ಷಗಳ ನಂತರ ಅದೇ ಮನೆಗಳನ್ನು ಮತ್ತೆ ಪರಿಶೀಲಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಲಿ. ಎಷ್ಟು ಮನೆ ಕಟ್ಟಿದೆವು ಎಂಬ ಲೆಕ್ಕದ ಜೊತೆಗೆ ಎಷ್ಟು ಮನೆ ಉಳಿದಿವೆ ಎಂಬ ಲೆಕ್ಕವನ್ನೂ ಸರ್ಕಾರ ಒಪ್ಪಿಸಬೇಕು.