ಮೊದಲು ವಯಸ್ಸು ಕೇಳಲಿ: ಗ್ರಾಹಕ ವ್ಯವಹಾರ ಸಚಿವರಿಗೆ ವಡಾಲದಿಂದ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣಾ ಸಚಿವರು, ಹೊಸದಿಲ್ಲಿ



ಮುಂಬಯಿಯ ವಡಾಲ ರೋಡ್ ಸ್ಟೇಷನ್ನಿನಲ್ಲಿ ಇಳಿದು ಕತ್ರಕ್ ರಸ್ತೆಯ ಕಡೆ ಬರುವಾಗ, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಏನಾದರೂ ಒಯ್ಯೋಣವೆಂದು ಆಟಿಕೆ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು: ‘ಲಡಕಾ ಹೈ ಯಾ ಲಡಕಿ?’, ಹುಡುಗನೋ ಹುಡುಗಿಯೋ? ಮರಾಠಿಯಲ್ಲಿ ಮಾತಾಡಿದರೆ ‘ಮುಲಗಾ ಕೀ ಮುಲಗೀ?’ ಮಗುವಿಗೆ ಎಷ್ಟು ವರ್ಷ ಎಂದು ಕೇಳುವುದು ಆಮೇಲೆ. ಅದಕ್ಕೆ ಏನೆಂದರೆ ಇಷ್ಟ ಎಂದು ಕೇಳುವವರು ಕಡಿಮೆ. ಉತ್ತರ ಸಿಕ್ಕ ಕೂಡಲೇ ಅಂಗಡಿಯ ಹುಡುಗ ಒಂದು ಗೋಡೆಯ ಕಡೆಗೆ ಹೋಗುತ್ತಾನೆ. ಇನ್ನೊಂದು ಗೋಡೆಯ ಸಾಮಾನು ಆ ಮಗುವಿನ ಪಾಲಿಗೆ ಇಲ್ಲವೇ ಇಲ್ಲ.

ಒಂದು ಗೋಡೆಯಲ್ಲಿ ಕಾರು, ಜೆಸಿಬಿ, ರೈಲು, ಬಂದೂಕು, ಕ್ರಿಕೆಟ್ ಸೆಟ್, ಸ್ಕ್ರೂ ಬಿಗಿದು ಜೋಡಿಸುವ ಕಬ್ಬಿಣದ ಪಟ್ಟಿಗಳು. ಇನ್ನೊಂದರಲ್ಲಿ ಗೊಂಬೆ, ಗೊಂಬೆಯ ಬಟ್ಟೆ, ಮೇಕಪ್ ಪೆಟ್ಟಿಗೆ, ಮಣಿ ಪೋಣಿಸುವ ಡಬ್ಬಿ, ಅಡುಗೆ ಸೆಟ್. ಡಾಕ್ಟರ್ ಸೆಟ್ ಮಾತ್ರ ಎರಡೂ ಕಡೆ ಇರುತ್ತದೆ. ಒಳಗಿನ ಸ್ಟೆತಸ್ಕೋಪು ಒಂದೇ, ಡಬ್ಬಿ ನೀಲಿಯದೊಂದು, ಗುಲಾಬಿಯದೊಂದು.

ಇಂಥದೇ ಒಂದು ಅಂಗಡಿಯಲ್ಲಿ ಐದು ವರ್ಷದ ಹುಡುಗನೊಬ್ಬ ಅಜ್ಜಿಯ ಕೈ ಬಿಡಿಸಿಕೊಂಡು ನೇರ ಅಡುಗೆ ಸೆಟ್ಟಿನ ಮುಂದೆ ಹೋಗಿ ಕೂತ. ಅಂಗೈಯಗಲದ ಎರಡು ಒಲೆಯ ಗ್ಯಾಸು, ಬೆರಳುದ್ದದ ಸಿಲಿಂಡರು, ಅದಕ್ಕೆ ತಿರುಗಿಸಲು ಬರುವ ರೆಗ್ಯುಲೇಟರು, ಸೀಟಿಯಿರುವ ಪುಟ್ಟ ಕುಕ್ಕರು. ಹುಡುಗ ಕುಕ್ಕರಿನ ಮುಚ್ಚಳ ತೆಗೆದು ಒಳಗೆ ನೋಡಿದ, ಮತ್ತೆ ಮುಚ್ಚಿದ, ಸೀಟಿ ಒತ್ತಿ ಬಾಯಿಂದ ಸದ್ದು ಮಾಡಿದ. ‘ವೋ ಲಡಕಿಯೋಂಕಾ ಹೈ’ ಎಂದ ಅಂಗಡಿಯವ. ‘ಅದು ಹೆಣ್ಣುಮಕ್ಕಳದ್ದು ಮಗಾ, ಬಿಡು, ಕಾರು ತಕೋ’ ಎಂದರು ಅಜ್ಜಿ. ಡಬ್ಬಿಯ ಮೇಲಿನ ಚಿತ್ರದಲ್ಲಿ ಇದ್ದದ್ದೂ ಒಬ್ಬಳು ಹುಡುಗಿಯೇ. ಹುಡುಗ ಆ ಚಿತ್ರ ನೋಡಿದ, ಕುಕ್ಕರನ್ನು ಜಾಗದಲ್ಲಿಟ್ಟ, ಅಳಲಿಲ್ಲ. ಕೆಂಪು ಕಾರು ಹಿಡಿದು ಹೊರಗೆ ಬಂದ. ಅವನಿಗೆ ಯಾರೂ ಗದರಲಿಲ್ಲ, ಯಾರೂ ಕೆಟ್ಟದ್ದು ಬಯಸಲಿಲ್ಲ. ಎರಡು ನಿಮಿಷದಲ್ಲಿ ಒಂದು ಪಾಠ ಆಗಿಹೋಯಿತು.

ಮಾನ್ಯರೇ, ಈ ಪತ್ರ ನಿಮಗೇ ಏಕೆಂದರೆ, ಭಾರತದಲ್ಲಿ ಆಟಿಕೆಯ ಡಬ್ಬಿಯ ಮೇಲೆ ಏನಿರಬೇಕೆಂದು ನೋಡಿಕೊಳ್ಳುವ ಭಾರತೀಯ ಮಾನಕ ಬ್ಯೂರೋ ನಿಮ್ಮ ಸಚಿವಾಲಯದ ಅಡಿಯಲ್ಲಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದ ಆಟಿಕೆಯನ್ನು ಇಲ್ಲಿ ಮಾರುವಂತಿಲ್ಲ. ಚೂಪಾದ ಅಂಚು, ಮಗು ನುಂಗಬಹುದಾದ ಬಿಡಿಭಾಗ, ಬಣ್ಣದಲ್ಲಿನ ಸೀಸ, ಇವೆಲ್ಲ ಪರೀಕ್ಷೆಯಾಗುತ್ತವೆ. ಅದು ಬರೀ ಕಾಗದದ ಮೇಲಿನ ಕಾನೂನಾಗಿ ಉಳಿಯಲಿಲ್ಲ. 2023ರ ಜನವರಿಯ ಹೊತ್ತಿಗೆ ಬ್ಯೂರೋದ ಅಧಿಕಾರಿಗಳು ದೇಶದ ದೊಡ್ಡ ದೊಡ್ಡ ಅಂಗಡಿಗಳಿಗೆ ನುಗ್ಗಿ ಸುಮಾರು 18,600 ಆಟಿಕೆಗಳನ್ನು ಜಪ್ತಿ ಮಾಡಿದ್ದರು. ಆನ್‌ಲೈನ್ ಮಾರಾಟಗಾರರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸೂ ಹೋಗಿತ್ತು. ಅಂಗಡಿಯ ಕಪಾಟಿನ ತನಕ ಹೋಗುವ ದಾರಿ ನಿಮ್ಮ ಇಲಾಖೆಗೆ ಚೆನ್ನಾಗಿ ಗೊತ್ತು.

ಮಗುವಿನ ಮನಸ್ಸಿನ ವಿಷಯವೂ ಇಲಾಖೆಗೆ ಹೊಸದಲ್ಲ. 2022ರ ಜೂನ್ 9ರಂದು ಹೊರಬಂದ ಜಾಹೀರಾತು ಮಾರ್ಗಸೂಚಿಯಲ್ಲಿ ಮಕ್ಕಳಿಗಾಗಿಯೇ ಒಂದು ಭಾಗವಿದೆ. ತನ್ನ ದೇಹದ ಬಗ್ಗೆ ಮಗು ಕೀಳಾಗಿ ಭಾವಿಸುವಂತೆ ಮಾಡುವ ಜಾಹೀರಾತು ಕೂಡದು ಎಂದು ಅದು ಹೇಳುತ್ತದೆ. ಅದೇ ತಿಂಗಳು, ಮುಂಬಯಿಯಲ್ಲೇ ಕಚೇರಿಯಿರುವ ಜಾಹೀರಾತು ಮಾನಕ ಮಂಡಳಿ, ಹೆಣ್ಣು ಹೀಗೆ, ಗಂಡು ಹೀಗೆ ಎಂದು ಅಚ್ಚು ಹೊಡೆದು ಹಾನಿ ಮಾಡುವ ಜಾಹೀರಾತುಗಳ ವಿರುದ್ಧ ನಿಯಮಗಳನ್ನು ತಂದಿತು. ಎರಡೂ ಜಾಹೀರಾತಿಗೆ ಸಂಬಂಧಿಸಿದವು. ಅಂಗಡಿಯ ಗೋಡೆ ಹೇಳುವ ಪಾಠಕ್ಕೆ ಇನ್ನೂ ಯಾವ ಸೂಚನೆಯೂ ಇಲ್ಲ.

ಅಡುಗೆ ಸೆಟ್ಟಿನ ಮಾತು ಇಲ್ಲಿಗೇ ಬಿಡುವಂಥದಲ್ಲ. ಮುಂಬಯಿಯ ಕನ್ನಡಿಗರಿಗೆ ಅದು ಮನೆತನದ ಮಾತು. ವಡಾಲದ ಪಕ್ಕದ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಹಾಸುತ್ತ ಬಂದಿದೆ. ಆ ಕಾಲದಲ್ಲಿ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಈ ಊರಿಗೆ ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆದರು, ತರಕಾರಿ ಹೆಚ್ಚಿದರು, ಹಿಟ್ಟು ರುಬ್ಬಿದರು, ದೋಸೆ ಹುಯ್ಯುವುದನ್ನು ಕಲಿತರು. ರಾತ್ರಿ ಕನ್ನಡ ರಾತ್ರಿ ಶಾಲೆಗಳಿಗೆ ಹೋಗಿ ಓದಿದರು. ಊರಿಗೆ ಮನಿಯಾರ್ಡರ್ ಹೋದದ್ದು, ತಂಗಿಯರ ಮದುವೆಯಾದದ್ದು, ಕನ್ನಡ ಸಂಘಗಳ ಚಂದಾ ಹುಟ್ಟಿದ್ದು ಆ ಅಡುಗೆಮನೆಗಳಿಂದ. ಈ ಮಹಾನಗರದಲ್ಲಿ ಕನ್ನಡ ನೆಲೆ ನಿಂತದ್ದರಲ್ಲಿ ಗಂಡಸರ ಅಡುಗೆಗೆ ದೊಡ್ಡ ಪಾಲಿದೆ. ಅವರ ಮೊಮ್ಮಕ್ಕಳ ಕೈಯಿಂದ ಆಟದ ಕುಕ್ಕರನ್ನು ಕಸಿದುಕೊಳ್ಳುವ ಗುಲಾಬಿ ಡಬ್ಬಿಗೆ ಈ ಚರಿತ್ರೆಯ ಗಂಧವೇ ಇಲ್ಲ.

ಆದರೆ ಹೋಟೆಲಿನಲ್ಲಿ ಅಡುಗೆ ಮಾಡಿದ ಗಂಡಸು ಮನೆಗೆ ಬಂದು ಅಡುಗೆ ಮಾಡಿದನೇ? ಹೆಚ್ಚಿನ ಮನೆಗಳಲ್ಲಿ ಇಲ್ಲ. ಕೂಲಿ ಸಿಗುವ ಅಡುಗೆ ಗಂಡಿನದು, ಸಿಗದ ಅಡುಗೆ ಹೆಣ್ಣಿನದು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಇದನ್ನು ನಿಮಿಷಗಳಲ್ಲಿ ಅಳೆಯಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷ. ಮಾಡುವವರೇ ಎಷ್ಟು ಮಂದಿ ಎಂದರೆ, ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಈ ಅಂತರಕ್ಕೆ ಆಟಿಕೆ ಅಂಗಡಿಯೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಈ ಅಂತರದ ಅಭ್ಯಾಸ ಐದನೇ ವಯಸ್ಸಿಗೆ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವವರು ಆ ಎರಡು ಗೋಡೆಗಳನ್ನು ದಾಟಿ ಹೋಗುವಂತಿಲ್ಲ.

ಭೇದ ಹಿಂದೆಯೂ ಇತ್ತು. ಗೋಲಿ, ಚಿನ್ನಿದಾಂಡು ಹುಡುಗರಿಗೆ, ಕುಂಟೆಬಿಲ್ಲೆ ಹುಡುಗಿಯರಿಗೆ ಎಂದು ಊರಿನ ಬೀದಿಗಳೂ ಹಂಚಿಕೊಂಡಿದ್ದವು. ದಸರೆಯ ಪಟ್ಟದ ಗೊಂಬೆಗಳನ್ನು ಹೆಣ್ಣುಮಗಳ ಜೊತೆಗೇ ಗಂಡನ ಮನೆಗೆ ಕಳಿಸುತ್ತಿದ್ದರು. ಆಷಾಢ ಏಕಾದಶಿಗೆ ವಡಾಲದ ವಿಠ್ಠಲ ಮಂದಿರದ ಜಾತ್ರೆಯಲ್ಲಿ ಸಿಗುವ ಭಾತುಕಲಿ, ಅಂದರೆ ಪುಟ್ಟ ಪಾತ್ರೆಗಳ ಸೆಟ್ಟು, ಮರಾಠಿ ಮನೆಗಳಲ್ಲಿ ತಲೆತಲಾಂತರದಿಂದ ಹುಡುಗಿಯರ ಕೈಗೇ ಬಂದದ್ದು. ಆದರೂ ಒಂದು ವ್ಯತ್ಯಾಸವಿತ್ತು. ಅಣ್ಣ ತಂಗಿ ಒಂದೇ ಚೌಕಾಬಾರದ ಮುಂದೆ ಕೂತು ಆಡುತ್ತಿದ್ದರು. ಚನ್ನಪಟ್ಟಣದ ಚರಕಿಯಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹತ್ತಿಸಿ, ಗರಿಯಿಂದ ಹೊಳಪು ಕೊಟ್ಟ ಗಿಲಕಿ ಕೆಂಪು, ಹಳದಿ, ಹಸಿರು ಪಟ್ಟೆಗಳಲ್ಲಿ ಬರುತ್ತಿತ್ತು. ತೊಟ್ಟಿಲಲ್ಲಿರುವುದು ಯಾರು ಎಂದು ಆ ಗಿಲಕಿ ಕೇಳುತ್ತಿರಲಿಲ್ಲ. ಅಣ್ಣನದು ತಂಗಿಗೆ, ತಂಗಿಯದು ಅವಳ ಮಗುವಿಗೆ ದಾಟುತ್ತಿತ್ತು.

ಗುಲಾಬಿ ಹುಡುಗಿಯ ಬಣ್ಣ ಎಂಬುದೂ ಹಳೆಯ ಮಾತಲ್ಲ, ನಮ್ಮ ಮಾತಂತೂ ಅಲ್ಲವೇ ಅಲ್ಲ. ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರಿಗಳ ಒಂದು ಪತ್ರಿಕೆ 1918ರಲ್ಲಿ, ಗುಲಾಬಿ ಗಟ್ಟಿ ಬಣ್ಣವಾದ್ದರಿಂದ ಹುಡುಗರಿಗೂ ನೀಲಿ ಕೋಮಲವಾದ್ದರಿಂದ ಹುಡುಗಿಯರಿಗೂ ಒಪ್ಪುತ್ತದೆ ಎಂದು ಬರೆದಿತ್ತು. ಅಲ್ಲಿನ ಸಿಯರ್ಸ್ ಕಂಪನಿಯ ಹಳೆಯ ಕೆಟಲಾಗುಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಸ್ವೀಟ್, 1975ರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಆಟಿಕೆಗಳಿಗೆ ಗಂಡು ಹೆಣ್ಣಿನ ಗುರುತೇ ಇರಲಿಲ್ಲ ಎಂದು ತೋರಿಸಿದ್ದಾರೆ. ಗೋಡೆಗಳು ಎದ್ದದ್ದು ಅದರ ನಂತರ. ಭಾರತದಲ್ಲಿ ಈ ವಿಂಗಡಣೆ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ತನಕ ಬಂತು: ಚಾಕೊಲೇಟಿನ ಜೊತೆ ಪುಟ್ಟ ಆಟಿಕೆ ಕೊಡುವ ಕಿಂಡರ್ ಜಾಯ್ ಮೊಟ್ಟೆ ಇಲ್ಲಿ ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ ಎಂದು ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರಾಟವಾಯಿತು.

ಇದರ ಹಿಂದಿನ ಲೆಕ್ಕ ಸರಳ. ಅಕ್ಕನ ಗುಲಾಬಿ ಸೈಕಲ್ ತಮ್ಮನಿಗೆ ಆಗುವುದಿಲ್ಲ ಎಂದಾದರೆ ಮನೆಯವರು ಎರಡು ಸೈಕಲ್ ಕೊಳ್ಳಬೇಕು. ಗ್ರಾಹಕ ಸಚಿವರು ಗಮನಿಸಬೇಕಾದದ್ದು ಇಲ್ಲೇ ಇದೆ. ಇಲ್ಲೇ ಪಕ್ಕದ ಆ್ಯಂಟಾಪ್ ಹಿಲ್‌ನ ಒಂದು ಕೋಣೆಯ ಮನೆಯಲ್ಲಿ ಇಬ್ಬರು ಮಕ್ಕಳನ್ನು ಸಾಕುವ ತಂದೆತಾಯಿಗೆ ಇದು ಜೇಬಿನ ಪ್ರಶ್ನೆ.

ವಡಾಲದ ಅಂಗಡಿಯವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಅವನು ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳಿಂದ ಕಾರ್ಟನ್ ಎತ್ತಿಕೊಂಡು ಬರುತ್ತಾನೆ. ಬಣ್ಣ, ಚಿತ್ರ, ಬರಹ ಎಲ್ಲವೂ ಕಾರ್ಖಾನೆಯಲ್ಲೇ ಆಗಿ ಬಂದಿರುತ್ತವೆ. ಆ ಮಾರುಕಟ್ಟೆಗೆ ಈಗಿರುವ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಈ. ಹೆಣ್ಣುಮಕ್ಕಳಿಗಾಗಿ 1848ರಲ್ಲಿ ಪುಣೆಯ ಭಿಡೆವಾಡದಲ್ಲಿ, ಸಾವಿತ್ರಿಬಾಯಿಯವರ ಜೊತೆಗೂಡಿ ಶಾಲೆ ತೆರೆದವರ ಹೆಸರು ಅದು. ಆ ಹೆಸರಿನ ಮಾರುಕಟ್ಟೆಯಿಂದ ಹೊರಡುವ ಪ್ರತಿ ಕಾರ್ಟನ್ನಿಗೂ ಒಂದು ಹೊಣೆಯಿದೆ.

‘ಮಕ್ಕಳೇ ಕೇಳುತ್ತವೆ, ನಾವೇನು ಮಾಡೋಣ’ ಎಂಬುದು ವ್ಯಾಪಾರಿಗಳ ಉತ್ತರ. ಮಕ್ಕಳು ಕೇಳುವುದು ನಿಜ. ಕೆಲವರಿಗೆ ಗೊಂಬೆಯೇ ಬೇಕು, ಕೆಲವರಿಗೆ ಕಾರೇ ಬೇಕು, ಅದನ್ನು ಕಸಿಯಿರಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಮಕ್ಕಳು ಗೋಡೆಗಳನ್ನು ಬೇಗ ಓದಿಬಿಡುತ್ತವೆ. 2017ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯ ಪ್ರಕಾರ, ಐದು ವರ್ಷದ ಹುಡುಗ ಹುಡುಗಿಯರಿಬ್ಬರೂ ‘ತುಂಬಾ ಜಾಣರು’ ಯಾರೆಂದು ಕೇಳಿದರೆ ತಮ್ಮ ತಮ್ಮ ಲಿಂಗದವರನ್ನೇ ತೋರಿಸುತ್ತಾರೆ. ಆರಕ್ಕೆ ಬರುವಷ್ಟರಲ್ಲಿ ಹುಡುಗಿಯರು ಹಾಗೆ ತೋರಿಸುವುದು ಕಡಿಮೆಯಾಗಿರುತ್ತದೆ. ಒಂದೇ ವರ್ಷದ ಅಂತರ. ಹುಡುಗರ ಕಷ್ಟ ಇನ್ನೊಂದು ಬಗೆಯದು. ಲೆಗೊ ಕಂಪನಿ 2021ರಲ್ಲಿ ಏಳು ದೇಶಗಳಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ, ಹುಡುಗಿಯರ ಆಟಿಕೆ ಹಿಡಿದರೆ ಎಲ್ಲರೂ ನಗುತ್ತಾರೆ ಎಂಬ ಹೆದರಿಕೆ ನೂರಕ್ಕೆ 71 ಹುಡುಗರಿಗಿತ್ತು. ಹುಡುಗರ ಆಟಿಕೆ ಹಿಡಿಯಲು ಹೆದರಿದ ಹುಡುಗಿಯರು 42. ಕುಕ್ಕರನ್ನು ಸದ್ದಿಲ್ಲದೆ ಕೆಳಗಿಟ್ಟ ಆ ಹುಡುಗ ಈ ಹೆದರಿಕೆಯ ಮೊದಲ ಮೆಟ್ಟಿಲಲ್ಲಿದ್ದ.

ಬದಲಾವಣೆ ಆಗದ ಮಾತೂ ಅಲ್ಲ. ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಅಂಗಡಿಯಿರುವ ಹ್ಯಾಮ್ಲೀಸ್ 1760ರಷ್ಟು ಹಳೆಯದು. ಅಲ್ಲಿ ಹುಡುಗಿಯರಿಗೊಂದು ಗುಲಾಬಿ ಮಹಡಿ, ಹುಡುಗರಿಗೊಂದು ನೀಲಿ ಮಹಡಿ ಇತ್ತು. 2011ರ ಡಿಸೆಂಬರಿನಲ್ಲಿ ಆ ಫಲಕಗಳನ್ನು ಇಳಿಸಿದರು, ಆಟಿಕೆಯ ಬಗೆಯ ಪ್ರಕಾರ ಮಹಡಿಗಳಿಗೆ ಹೆಸರಿಟ್ಟರು. ಆ ಕಂಪನಿ 2019ರಿಂದ ಮುಂಬಯಿಯ ರಿಲಯನ್ಸ್ ಕೈಯಲ್ಲಿದೆ. ಕ್ಯಾಲಿಫೋರ್ನಿಯ ಕಾನೂನನ್ನೇ ಮಾಡಿತು: 500ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ದೊಡ್ಡ ಅಂಗಡಿಗಳು ಗಂಡು ಹೆಣ್ಣಿನ ಹೆಸರಿಲ್ಲದ ಒಂದು ಆಟಿಕೆ ವಿಭಾಗವನ್ನು ಇಡಲೇಬೇಕು, 2024ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ದೂರ ಹೋಗಬೇಕಾಗಿಯೂ ಇಲ್ಲ. ಮಹಾರಾಷ್ಟ್ರದ ಬಾಲಭಾರತಿ, ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಪಠ್ಯಪುಸ್ತಕ ಅಚ್ಚು ಹಾಕುವ ಸಂಸ್ಥೆ, 2019ರಲ್ಲಿ ಎರಡನೇ ತರಗತಿಯ ಪುಸ್ತಕದಲ್ಲಿ ಗಂಡ ಹೆಂಡತಿ ಜೊತೆಗೆ ಕೂತು ಸೊಪ್ಪು ಬಿಡಿಸುವ ಚಿತ್ರ ಹಾಕಿತು. ಸಾತಾರದ ಸುರೇಖಾ ಯಾದವ್ 1988ರಲ್ಲಿ ದೇಶದ ಮೊದಲ ಮಹಿಳಾ ರೈಲು ಚಾಲಕಿಯಾದರು. 2023ರ ಮಾರ್ಚಿನಲ್ಲಿ ಸೊಲ್ಲಾಪುರದಿಂದ ಮುಂಬಯಿಗೆ ವಂದೇ ಭಾರತ್ ಓಡಿಸಿಕೊಂಡು ಬಂದರು. ಹಾಗಿದ್ದರೂ ಅಂಗಡಿಯಲ್ಲಿ ಆಟದ ರೈಲು ಇನ್ನೂ ನೀಲಿ ಗೋಡೆಯಲ್ಲೇ ಇದೆ. ನಿಮ್ಮದೇ ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಜಾದುಯಿ ಪಿಟಾರಾ’ ಎಂಬ ಆಟಿಕೆ ಪೆಟ್ಟಿಗೆ ತಂದಿತು. ಗೊಂಬೆ, ಒಗಟು, ಚಿತ್ರದ ಕಾರ್ಡು ಎಲ್ಲವೂ ಅದರಲ್ಲಿವೆ. ವಯಸ್ಸು ನೋಡಿ ಮಾಡಿದ ಪೆಟ್ಟಿಗೆ ಅದು. ಹುಡುಗರಿಗೂ ಹುಡುಗಿಯರಿಗೂ ಒಂದೇ.

ಆ ಪೆಟ್ಟಿಗೆಗೆ ಸರ್ಕಾರ ಇಟ್ಟ ಅಳತೆ ಅಂಗಡಿಗೂ ಸಿಗಲಿ ಎಂಬುದೇ ಈ ಪತ್ರದ ಕೋರಿಕೆ. ಡಬ್ಬಿಯ ಮೇಲೆ ವಯಸ್ಸು ಇರಲಿ, ಎಂಥ ಆಟ ಎಂಬುದಿರಲಿ: ಜೋಡಿಸುವುದು, ಓಡಿಸುವುದು, ಅಡುಗೆ, ಚಿತ್ರ, ಒಗಟು. ‘ಬಾಯ್ಸ್’, ‘ಗರ್ಲ್ಸ್’ ಎಂಬ ಮಾತು ಬೇಡ. ಅಡುಗೆ ಸೆಟ್ಟಿನ ಚಿತ್ರದಲ್ಲಿ ಒಬ್ಬ ಹುಡುಗನೂ ಜೆಸಿಬಿಯ ಚಿತ್ರದಲ್ಲಿ ಒಬ್ಬಳು ಹುಡುಗಿಯೂ ಇರಲಿ. ಇದನ್ನು ಬ್ಯೂರೋ ಒಂದು ಸಲಹಾ ಸುತ್ತೋಲೆಯಾಗಿ ತಯಾರಕರಿಗೆ ಕಳಿಸಬಹುದು. ದಂಡ, ಜಪ್ತಿ ಯಾವುದೂ ಬೇಕಾಗಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಆಟಿಕೆ ಹುಡುಕುವಾಗ ಹುಡುಗನೋ ಹುಡುಗಿಯೋ ಎಂದು ಗುರುತು ಹಾಕಿಸುವ ಚೌಕವನ್ನು ತೆಗೆಯಿರಿ ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಒಂದು ಪತ್ರ ಬರೆದರೆ, ಗೋಡೆ ಕೆಡವುವ ಖರ್ಚೂ ಇಲ್ಲದೆ ಕೆಲಸ ಆಗುತ್ತದೆ. ಕೊಪ್ಪಳದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್ ಯೋಜನೆ 2020ರಲ್ಲಿ ಘೋಷಣೆಯಾಗಿದೆ. ಧಾರವಾಡದ ಸಂಸದರಾದ ನಿಮಗೆ ಅದು ದೂರದ ಸೀಮೆಯಲ್ಲ. ಅಲ್ಲಿಂದ ಹೊರಡುವ ಡಬ್ಬಿಗಳೇ ಮಾದರಿಯಾಗಲಿ. ಆಟಿಕೆಗೆ ಜಿಐ ಗುರುತು ಪಡೆದ ಚನ್ನಪಟ್ಟಣ ಇರುವ ರಾಜ್ಯಕ್ಕೆ ಈ ಕೆಲಸ ಸಲ್ಲುತ್ತದೆ.

ಮಾನ್ಯರೇ, ಗಣಪತಿ ಹಬ್ಬದಿಂದ ದೀಪಾವಳಿಯ ತನಕ ವಡಾಲದ ಅಂಗಡಿಗಳು ಆಟಿಕೆಯಿಂದ ತುಂಬುತ್ತವೆ. ಮುಂದಿನ ಹಬ್ಬದ ಸರಕು ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಇಳಿಯುವ ಮೊದಲೇ ನಿಮ್ಮ ಸುತ್ತೋಲೆ ಹೊರಡಲಿ. ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ‘ಉಮರ್ ಕಿತನಿ ಹೈ?’ ಎಂದಾಗಲಿ.

ವಡಾಲ, ಮುಂಬಯಿ