ಅಂಗಳಕ್ಕೊಂದು ಸ್ವಂತ ಮಾಡು

ಚಾಲಿ ಅಡಿಕೆ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಡುವೆ ಅಕಾಲ ಮಳೆ ಬಿದ್ದರೆ ಬೂಷ್ಟು ಹಿಡಿದು ದರ್ಜೆ ಇಳಿಯುತ್ತದೆ. ಕಣದ ಕಾಫಿಗೂ ಅದೇ ಗತಿ. ಆದುದರಿಂದ ಸದಸ್ಯರು ಅಂಗಳಕ್ಕೆ ತಾವೇ ಪಾರದರ್ಶಕ ಮಾಡು ಕಟ್ಟಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಅಡ್ಡಪಟ್ಟಿಗೆ ತೋಟದಲ್ಲಿ ಬಿದ್ದ ಅಡಿಕೆ ಮರದ ದಬ್ಬೆ ಸಾಕು. ಕಲ್ಲುಕಂಬವಾದರೆ ಗೆದ್ದಲಿನ ಕಾಟವಿಲ್ಲ. ಇಳಿಜಾರು ಅಡಿಗೆ 3 ಅಂಗುಲವಾದರೂ ಇರಲಿ. ಇಲ್ಲವಾದರೆ ನೀರು ನಿಂತು ಹಾಳೆ ಜೋತುಬೀಳುತ್ತದೆ. ಹಾಳೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಸಾಮಾನ್ಯ ಪ್ಲಾಸ್ಟಿಕ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಅತಿನೇರಳೆ ಕಿರಣ ತಾಳುವ 200 ಮೈಕ್ರಾನಿನ ಹಾಳೆ ಕೆಲವು ವರ್ಷ ಬಾಳುತ್ತದೆ. ಪಕ್ಕಗಳನ್ನು ತೆರೆದಿಡಿ, ಮುಚ್ಚಿದರೆ ಹಬೆ ಒಳಗೇ ಹನಿಗಟ್ಟೀತು.

ನಾಲ್ಕು ಮನೆಯವರು ಮುಯ್ಯಾಳಾಗಿ ಸೇರಿದರೆ ಕೂಲಿಯೂ ಉಳಿಯುತ್ತದೆ. ಸಹಕಾರವೆಂಬುದು ಮಾರಾಟದ ಕಟ್ಟೆಯಲ್ಲಷ್ಟೇ ಅಲ್ಲ, ಅಂಗಳದಲ್ಲೂ ಕಾಣಬೇಕು.