ಹಳೆಯ ಕಂಪ್ಯೂಟರನ್ನು ಎಸೆಯುವ ಮುನ್ನ

ಸಹೋದರಿಯರೇ, ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹಳೆಯ ಕಂಪ್ಯೂಟರ್‌ಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗೆಂದು ಮಕ್ಕಳ ಓದಿಗಾಗಿ ಸಾಲ ಮಾಡಿ ಹೊಸದನ್ನು ತರಬೇಕೇ? ಕೆಲಸಕ್ಕೆ ಬರುವ ವಸ್ತುವನ್ನು ಎಸೆಯುವುದೂ ಇಸ್ರಾಫ್ ಅಲ್ಲವೇ?

ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾದುದು. 64 ಬಿಟ್ ಪ್ರೊಸೆಸರ್, 2 ಜಿ.ಬಿ. ರ‍್ಯಾಮ್ ಇದ್ದರೆ ನಡೆಯುತ್ತದೆ; 4 ಜಿ.ಬಿ. ಇದ್ದರೆ ಸಲೀಸು. ಮೆನು ವಿಂಡೋಸ್‌ನಂತೆಯೇ ಇರುವುದರಿಂದ ಹೊಸಬರಿಗೂ ಗೊಂದಲವಿಲ್ಲ. ಬರೆಯಲು, ಲೆಕ್ಕವಿಡಲು ಲಿಬ್ರೆಆಫೀಸ್ ಜೊತೆಗೇ ಬರುತ್ತದೆ. ಆದರೆ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯವು.

ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ಹಿಡಿಸಿದರೆ ಫೋಟೋ, ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು ಬಳಿಕವೇ ಇನ್‌ಸ್ಟಾಲ್ ಮಾಡಿಸಿ. ಉಳಿದ ಹಣ ಮಗಳ ಫೀಸಿಗಾದೀತು.